ಮೂಲೆಮನೆ ಆಂಟಿಯ ಅಂಗಿ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ತಂಗಿ ಸೂಜಿಗೆ,

ಅಣ್ಣನ ಆಶೀರ್ವಾದಗಳು. ಇದನ್ನು ಕೂತುಕೊಂಡು ಓದು. ಕೈಯಲ್ಲಿ ಕತ್ತರಿ ಇದ್ದರೆ ದಯವಿಟ್ಟು ಕೆಳಗಿಡು.

ಈ ಪತ್ರದ ಕೊನೆಯಲ್ಲಿ ಸಹಿ ಮಾಡಿರುವ ನಾನು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ (ನಿನ್ನ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿರುವುದನ್ನು ಬಲವಂತವೆಂದು ಪರಿಗಣಿಸತಕ್ಕದ್ದಲ್ಲ) ಒಪ್ಪಿಕೊಳ್ಳುವ ಅಪರಾಧ ಏನೆಂದರೆ: ಮೂಲೆಮನೆ ಆಂಟಿ ಎಂಬ ಹೆಂಗಸು ಈ ಭೂಮಿಯ ಮೇಲೆ ಇಲ್ಲ. ಹೋದ ಮಳೆಗಾಲದಿಂದ ನಿನ್ನ ಪ್ಯಾಟರ್ನ್ ಅಂಗಡಿಗೆ ಮೇಲ್ ಮೇಲೆ ಮೇಲ್ ಬರೆದು ತಲೆ ತಿಂದವಳು, ಮಂಡಿನೋವಿನವಳು, ಗಂಡನನ್ನು ಕಂಡರೆ ಅಷ್ಟಕ್ಕಷ್ಟೇ ಆದರೂ ಅವನಿಗೊಂದು ಅಂಗಿ ಹೊಲಿಯಲು ಹೊರಟವಳು, “ನಿನ್ನಂಥ ಮಗಳು ನನಗಿದ್ದಿದ್ದರೆ” ಎಂದು ಬರೆದು ನಿನ್ನ ಕಣ್ಣಲ್ಲಿ ನೀರು ತರಿಸಿದವಳು, ಆಕೆಗೆ ಮೀಸೆ ಇದೆ. ಆಕೆ ನಾನು.

ಮಂಡಿನೋವು ಮಾತ್ರ ನಿಜ.

ಇದನ್ನು ಎಂದೋ ಬರೆಯಬೇಕಿತ್ತು, ತಡವಾಯಿತು. ಪ್ರತಿ ಸಲ ಬರೆಯಲು ಕೂತಾಗಲೂ ಆಂಟಿಯೇ ನನ್ನನ್ನು ಪಕ್ಕಕ್ಕೆ ತಳ್ಳಿ ಬರೆದುಬಿಡುತ್ತಿದ್ದಳು. ಈಗ ಕಾಗದ, ಪೆನ್ನು ಹಿಡಿದಿದ್ದೇನೆ. ಕಾಗದದ ಪತ್ರಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿ ಉತ್ತರ ಮುಗಿಸುವ ವ್ಯವಸ್ಥೆಯನ್ನು ಇನ್ನೂ ಯಾರೂ ಮಾಡಿಲ್ಲವಲ್ಲ, ಅದಕ್ಕೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತುವವರು ಅಜ್ಜನ ಕಾಲಕ್ಕೇ ಮುಗಿದಿದ್ದರು. ಎರಡು ಪದವಿ ಪಡೆದು ನೀನು ಮತ್ತೆ ಶುರುಮಾಡಿದ್ದೀಯ. ನಾನು “ಹೇಗಿದ್ದೀಯ?” ಎಂದರೆ ಹೆಬ್ಬೆಟ್ಟು. “ಅಲ್ಲಿ ಚಳಿಯೇ?” ಎಂದರೆ ಹೆಬ್ಬೆಟ್ಟು. “ಯಾವಾಗ ಬರ್ತೀಯ?” ಎಂದು ಕೇಳಿದೆ ನೋಡು, ಅದಕ್ಕೆ ಅದೂ ಇಲ್ಲ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಅತ್ತಿಗೆಯ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಅವಳಿಗೆ ಕಪಾಟಿನ ಮೇಲಿನ ಧೂಳು, ನನ್ನ ಮುಖ ಎರಡೂ ಸ್ಪಷ್ಟವಾಗಿ ಕಾಣಿಸುತ್ತಿದ್ದು, ಎರಡರ ಬಗ್ಗೆಯೂ ದೂರುಗಳಿವೆ. ಮುಂದಿನ ಕೋಣೆಯಲ್ಲಿ ಅಪ್ಪನ ಕತ್ತರಿಸುವ ಮೇಜು ಇದ್ದಲ್ಲೇ ಇದೆ. ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೇನೆ. ತುಳಿದರೆ ಮೊದಲಿನ ಹಾಗೇ ಸದ್ದು ಮಾಡುತ್ತದೆ. ಆ ಸದ್ದಿಗೆ ಹಿತ್ತಿಲ ಬೆಕ್ಕು ಬಂದು ಮೇಜಿನ ಕೆಳಗೆ, ನಾವಿಬ್ಬರೂ ಚಿಂದಿ ಬಟ್ಟೆಯ ಮೇಲೆ ಮಲಗುತ್ತಿದ್ದ ಜಾಗದಲ್ಲಿ, ಮಲಗುತ್ತದೆ.

ಆಂಟಿ ಹುಟ್ಟಿದ್ದು ಹೀಗೆ. ಒಂದು ದಿನ ನಿನ್ನ ಅತ್ತಿಗೆ ಫೋನಿನಲ್ಲಿ ಏನೋ ಹುಡುಕುತ್ತಿದ್ದವಳು ನಿನ್ನ ಅಂಗಡಿಯ ಪುಟ ತೋರಿಸಿದಳು. ಬಟ್ಟೆಯೇ ಇಲ್ಲದ ಬಟ್ಟೆ ಅಂಗಡಿ. ಅಪ್ಪ ಕಂದು ಕಾಗದದಲ್ಲಿ ಕತ್ತರಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ ಪೇಪರ್ ಕಟಿಂಗನ್ನೇ ನೀನು ಕಂಪ್ಯೂಟರಿನಲ್ಲಿ ಬರೆದು ಮಾರುತ್ತೀಯ, ಕೊಂಡವರು ತಮ್ಮ ತಮ್ಮ ಊರಿನಲ್ಲಿ ಪ್ರಿಂಟ್ ಹಾಕಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳುತ್ತಾರೆ. ಫ್ರಾಕು, ಲಂಗ, ಪೈಜಾಮಗಳ ನಡುವೆ ಒಂದೇ ಒಂದು ಗಂಡಸರ ಅಂಗಿ ಇತ್ತು. ಉದ್ದ ತೋಳಿನ ಸಾದಾ ಅಂಗಿ. ನನಗೆ ಆಸೆಯಾಯಿತು. ತಂಗಿಯ ಅಂಗಡಿಯಲ್ಲಿ ಅಣ್ಣ ಕೊಂಡರೆ ನೀನು ದುಡ್ಡು ವಾಪಸು ಕಳಿಸಿ ಮೇಲೊಂದು ಹೆಬ್ಬೆಟ್ಟು ಒತ್ತುತ್ತೀಯ ಎಂದು ಹೆದರಿ, ನಿನಗೆ ಗೊತ್ತಿಲ್ಲದ ನಿನ್ನ ಅತ್ತಿಗೆಯ ಮೇಲ್‌ನಿಂದ ಬೇರೆ ಹೆಸರಲ್ಲಿ ಕೊಂಡೆ. ಮೂಲೆಮನೆ ಆಂಟಿ ಎಂದು ಬರೆದುಕೊಂಡೆ. ನಮ್ಮ ಮನೆ ಬೀದಿಯ ಮೂಲೆಯಲ್ಲಿದೆ ಎಂಬುದು ನಿನಗೆ ಹೊಳೆಯಬಹುದಿತ್ತು. ಆದರೆ ಊರಲ್ಲಿ ಮೂಲೆಗಳಿಗೆ ಬರವೇ?

ಅಲ್ಲಿಗೆ ನಿಲ್ಲಿಸಬೇಕಿತ್ತು. ಪ್ರಿಂಟರ್ ನಿಲ್ಲಿಸಲು ಬಿಡಲಿಲ್ಲ.

ಮನೆಯ ಪ್ರಿಂಟರಿನಲ್ಲಿ ನಿನ್ನ ಅಂಗಿ ಸಣ್ಣ ಸಣ್ಣ ಹಾಳೆಗಳಾಗಿ ಹೊರಬಂತು. ಒಂದು ಅಂಗಿಗೆ ಒಂದು ಕಾದಂಬರಿಯಷ್ಟು ಹಾಳೆ. ಅವನ್ನೆಲ್ಲ ಗುರುತಿಗೆ ಗುರುತು ಕೂಡಿಸಿ ಅಂಟಿಸಬೇಕು. ಹಜಾರದ ನೆಲದ ತುಂಬ ಹರವಿ, ಮಂಡಿಯೂರಿ (ಮಂಡಿನೋವು ನಿಜವೆಂದೆನಲ್ಲ) ಅಂಟಿಸುತ್ತಿದ್ದೆ. ನಿನ್ನ ಅತ್ತಿಗೆ ಸೆಕೆ ಎಂದು ಬಂದು ಫ್ಯಾನ್ ಹಾಕಿದಳು. ಅಂಗಿಗೆ ಪ್ರಾಣ ಬಂತು. ಕಾಲರು ಅಡುಗೆಮನೆಗೆ ಓಡಿತು, ಜೇಬು ಸೋಫಾದ ಕೆಳಗೆ ಅಡಗಿತು. ಹಿಡಿದು ತಂದು ಕೂಡಿಸಿದ ಮೇಲೆ ನೋಡಿದರೆ ಬೆನ್ನಿನ ನಡುವಿನಿಂದ ಒಂದು ತೋಳು ಹೊರಟಿತ್ತು. ನಿನ್ನ ಅತ್ತಿಗೆ ಕನ್ನಡಕ ಏರಿಸಿ ಬಗ್ಗಿ ನೋಡಿ, “ಇದ್ಯಾರಿಗೆ, ಬೆನ್ನು ತುರಿಸ್ಕೊಳ್ಳೋರಿಗಾ?” ಎಂದಳು.

ಆ ಕೋಪದಲ್ಲಿ ನಿನ್ನ ಅಂಗಡಿಗೆ ದೂರು ಬರೆದೆ. ನಮ್ಮ ಭಾಷೆಯಲ್ಲೇ ಬರೆದೆ. ನಿನ್ನ ಉತ್ತರ ಅರ್ಧ ಗಂಟೆಯಲ್ಲಿ ಬಂತು. “ಆಂಟಿ, ಈ ಅಂಗಡಿ ಶುರುವಾದ ಮೇಲೆ ನಮ್ಮ ಭಾಷೇಲಿ ಬಂದ ಮೊದಲನೇ ಬೈಗುಳ ನಿಮ್ಮದು. ಎಷ್ಟು ಖುಷಿಯಾಯ್ತು ಗೊತ್ತಾ,” ಎಂದು ಶುರುಮಾಡಿದ್ದೆ. ಆಮೇಲೆ ಬರೆದದ್ದು ನನಗೆ ಬಾಯಿಗೆ ಬರುತ್ತದೆ: “ಆ ಸಣ್ಣ ಹಾಳೆಗಳ ಸಹವಾಸ ಬಿಡಿ. ದೊಡ್ಡ ಹಾಳೆದು ಬೇರೆ ಫೈಲ್ ಇದೆ. ಮನೆ ಪ್ಲಾನ್ ಪ್ರಿಂಟ್ ಹಾಕೋ ಅಂಗಡಿಗೆ ಹೋಗಿ. ಇದ್ದ ಅಳತೆಗೇ ಹಾಕಪ್ಪ, ಹಾಳೆಗೆ ಹೊಂದಿಸಬೇಡ ಅಂತ ಹೇಳಿ. ಮೂಲೇಲಿ ಒಂದು ಚೌಕ ಇರುತ್ತೆ, ಅದನ್ನ ಸ್ಕೇಲಿಟ್ಟು ನೋಡಿ. ಅಲ್ಲೀವರೆಗೂ ಕತ್ತರಿ ಮುಟ್ಟಬೇಡಿ.”

ಕತ್ತರಿ ಮುಟ್ಟಬೇಡಿ. ಅಪ್ಪ ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ ಮಾತು. ನೀನು ಅದೇ ದನಿಯಲ್ಲಿ ಬರೆದಿದ್ದೆ. ಅಪ್ಪ ಅಳೆಯುತ್ತಿದ್ದರು, ಕತ್ತರಿ ಕೊಡಲಿಲ್ಲವೆಂದು ನಾವು ಅಳುತ್ತಿದ್ದೆವು. ಅಣ್ಣನಿಗೆ ಹೆಬ್ಬೆಟ್ಟು, ಗಿರಾಕಿಗೆ ಇಡೀ ಪುಟ. ನೀನೇ ಹೇಳು, ನನ್ನ ಜಾಗದಲ್ಲಿ ನೀನಿದ್ದಿದ್ದರೆ ಯಾರಾಗಿ ಉಳಿಯುತ್ತಿದ್ದೆ?

ಹಾಗೆ ನಾನು ಆಂಟಿಯಾಗಿ ಉಳಿದೆ.

ಪ್ಲಾನ್ ಅಂಗಡಿಯ ಕಥೆಯನ್ನು ಆಂಟಿ ನಿನಗೆ ಪೂರ್ತಿ ಹೇಳಿಲ್ಲ. ಹೆಂಗಸಿನ ಗಾಂಭೀರ್ಯ ಅಡ್ಡ ಬಂತು. ಆ ಅಂಗಡಿ ಇಂಜಿನಿಯರುಗಳ ಆಫೀಸುಗಳ ನಡುವೆ ಇದೆ. ಮಂಚದಷ್ಟು ಅಗಲದ ಯಂತ್ರ, ಮೂಲೆಯಲ್ಲಿ ಕಾಗದದ ಸುರುಳಿಗಳು ಚಾಪೆಗಳ ಹಾಗೆ ನಿಂತಿರುತ್ತವೆ. ಅಂಗಡಿಯವನು ದಿನವಿಡೀ ಮನೆ, ಮಳಿಗೆ, ಬಡಾವಣೆ ಪ್ರಿಂಟ್ ಹಾಕುವವನು. ನಿನ್ನ ಅಂಗಿಯ ಬೆನ್ನಿನ ಭಾಗವನ್ನು ಪರದೆಯ ಮೇಲೆ ತೆರೆದು ಬಹಳ ಹೊತ್ತು ನೋಡಿದ.

“ಯಾವ ಸೈಟು ಸಾರ್ ಇದು?” ಎಂದ.

ಅವನು ಕತ್ತಿನ ಬಳುಕನ್ನು ತೋರಿಸಿ ಇಲ್ಲಿ ರಸ್ತೆ ತಿರುಗುತ್ತದೆಯೇ ಎಂದು ಕೇಳಿದ. ತೋಳು ಕೂಡಿಸುವ ಕಂಕುಳಿನ ಜಾಗ ಪಕ್ಕದವರ ಒತ್ತುವರಿಯೇ ಇರಬೇಕೆಂದು ಮರುಗಿದ. ಹೊಲಿಗೆಗೆಂದು ಸುತ್ತ ಬಿಟ್ಟಿರುವ ಚುಕ್ಕೆಗೆರೆಯ ಅಂಚನ್ನು ಮಾತ್ರ ತುಂಬ ಮೆಚ್ಚಿಕೊಂಡ. ಇಷ್ಟು ಶಿಸ್ತಾಗಿ ಸುತ್ತ ಜಾಗ ಬಿಟ್ಟು ಕಟ್ಟುವವರು ಈ ಊರಲ್ಲಿ ಯಾರಿದ್ದಾರೆ ಎಂದ. ಇದು ಅಂಗಿ ಎಂದೆ. ಅವನು ನನ್ನನ್ನು ನೋಡಿದ, ಪರದೆಯನ್ನು ನೋಡಿದ.

“ಅಂಗಿಗೂ ಪ್ಲಾನಾ? ಮಂಜೂರಾತಿ ಯಾರು ಕೊಡ್ತಾರೆ ಸಾರ್?”

“ನನ್ನ ಹೆಂಡತಿ.”

“ಹಂಗಾದ್ರೆ ಕಷ್ಟ,” ಎಂದು ಪ್ರಿಂಟ್ ಒತ್ತಿದ.

ಮೊದಲ ಸಲ ಯಂತ್ರ ತನ್ನ ಅಭ್ಯಾಸದಂತೆ ಇಡೀ ಚಿತ್ರವನ್ನು ಹಾಳೆಗೆ ಹೊಂದಿಸಿಕೊಂಡಿತು. ಚೌಕಕ್ಕೆ ಸ್ಕೇಲಿಟ್ಟರೆ ಗಿಡ್ಡ. ಆ ಅಳತೆಗೆ ಹೊಲಿದಿದ್ದರೆ ಹೈಸ್ಕೂಲು ಹುಡುಗನಿಗೆ ಸರಿಹೋಗುತ್ತಿತ್ತು. ಹುಡುಗರಿಗೆ ಸ್ಕೇಲು ಕಲಿಸಿಯೇ ಕೂದಲು ಉದುರಿಸಿಕೊಂಡ ನಾನು ಅಂಗಡಿಯವನಿಗೆ ಸಣ್ಣದೊಂದು ಪಾಠ ಮಾಡಿದೆ. ಅವನು ಆಕಳಿಸುತ್ತ ಕೇಳಿ, ಯಾವುದೋ ಒಂದು ಗುರುತು ತೆಗೆದು, ಇದ್ದ ಅಳತೆಗೇ ಹಾಕಿದ.

ಆಗ ಅಂಗಿ ನಿಧಾನವಾಗಿ ಹೊರಬಂತು. ಯಂತ್ರದ ಒಳಗೆ ಏನೋ ಆಚೆಯಿಂದ ಈಚೆಗೆ ಓಡುತ್ತದೆ, ಕಾಗದ ಇಷ್ಟಿಷ್ಟೇ ಸರಿಯುತ್ತದೆ. ಮೊದಲು ಕೆಳಗಿನ ಅಂಚು, ಆಮೇಲೆ ಸೊಂಟದ ಭಾಗ, ಆಮೇಲೆ ಬೆನ್ನು ಅಗಲವಾಗುತ್ತ ಹೋಗುವುದು. ಯಾರೋ ಹಿಮ್ಮುಖವಾಗಿ, ಅವಸರವಿಲ್ಲದೆ ಬಾಗಿಲಿನಿಂದ ಹೊರಗೆ ಬರುತ್ತಿರುವ ಹಾಗೆ. ಕೊನೆಗೆ ಭುಜಗಳು ಬಂದವು. ಒಂದು ಭುಜ ಇನ್ನೊಂದಕ್ಕಿಂತ ಕೆಳಗಿತ್ತು. ಅಂಗಡಿಯವನು ಯಂತ್ರ ಸೊಟ್ಟ ಎಳೆದಿದೆ ಎಂದು ಗಾಬರಿಯಾಗಿ ಮುಚ್ಚಳ ತೆಗೆಯಲು ಹೋದ. ಯಂತ್ರದ್ದಲ್ಲ, ಪ್ಯಾಟರ್ನಿನದೇ ತಪ್ಪು ಎಂದು ನಾನು ಸಮಾಧಾನ ಮಾಡಿದೆ. ಹಾಳೆಯ ಮೇಲೆ ನೀನೇ ಬರೆದಿದ್ದೆ: ಮಡಚಿ ಕತ್ತರಿಸಬೇಡಿ, ಎಡ ಬಲ ಬೇರೆ ಬೇರೆ.

ಮನೆಗೆ ಬಂದು ಆಂಟಿಯಿಂದ ಒಂದು ಕಟುವಾದ ಪತ್ರ ಬರೆಸಿದೆ. ಲೋಕದಲ್ಲಿ ಎಲ್ಲರೂ ಅಂಗಿಯ ಬೆನ್ನನ್ನು ಬಟ್ಟೆ ಮಡಚಿ ಒಂದೇ ಏಟಿಗೆ ಕತ್ತರಿಸುತ್ತಾರೆ, ನಿಮ್ಮದೇನು ವಿಶೇಷ, ಭುಜ ಸೊಟ್ಟಗಿದೆಯಲ್ಲ, ಎಂದು. ಅದಕ್ಕೆ ನೀನು ಬರೆದದ್ದನ್ನು ನಾನು ಇಲ್ಲಿ ಮತ್ತೆ ಬರೆಯುತ್ತೇನೆ. ನೀನು ಬರೆದದ್ದು ನನಗಲ್ಲ. ಆದರೂ ಅದು ನನ್ನ ಹತ್ತಿರವೇ ಇದೆ ಎಂದು ನಿನಗೆ ಗೊತ್ತಾಗಬೇಕು.

“ತಪ್ಪಲ್ಲ ಆಂಟಿ. ಅದು ನಮ್ಮಪ್ಪನ ಅಂಗಿ. ಅವರು ಟೈಲರು. ಬಟ್ಟೆ ಗಂಟು ಯಾವಾಗ್ಲೂ ಎಡಗಡೆ ಭುಜದ ಮೇಲೇ ಹೊರ್ತಿದ್ರು, ಆ ಭುಜ ಒಂದು ಬೆರಳು ಇಳಿದುಹೋಗಿತ್ತು. ಊರಿಗೆಲ್ಲ ನೆಟ್ಟಗೆ ಹೊಲಿದು ತನಗೆ ಮಾತ್ರ ಸೊಟ್ಟಗೆ ಹೊಲ್ಕೊಳ್ತಿದ್ರು, ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಮನೆ ಬಿಟ್ಟು ಬರುವಾಗ ಅವರದೊಂದು ನೀಲಿ ಗೆರೆ ಅಂಗಿ ಕದ್ಕೊಂಡು ಬಂದಿದ್ದೆ. ಅವರು ಹೋದ ಮೇಲೆ ಅದರ ಹೊಲಿಗೆ ಎಲ್ಲ ಬಿಚ್ಚಿ, ಚಪ್ಪಟೆ ಹಾಸಿ, ಗೆರೆ ಎಳ್ಕೊಂಡೆ. ಮಾರೋದಕ್ಕೆ ನೆಟ್ಟಗೆ ಮಾಡಬೇಕಿತ್ತು. ಕೈ ಬರಲಿಲ್ಲ. ನಿಮಗೆ ಬೇಕಾದ್ರೆ ಸರಿ ಮಾಡಿ ಕಳಿಸ್ತೀನಿ.”

ಆ ನೀಲಿ ಗೆರೆಯ ಅಂಗಿಗಾಗಿ ನಾನು ಕಪಾಟು ಮೂರು ಸಲ ತಿರುವಿ ಹಾಕಿದ್ದೆ, ಕಳ್ಳಿ. ಇಸ್ತ್ರಿಯವನ ಮೇಲೆ ಅನುಮಾನಪಟ್ಟು ಅವನ ಹತ್ತಿರ ಜಗಳವಾಡಿದ್ದೆ. ನಿನ್ನ ಕಳ್ಳತನ, ನನ್ನ ವೇಷ, ಎರಡೂ ಒಂದಕ್ಕೊಂದು ವಜಾ ಎಂದು ದಯವಿಟ್ಟು ಪರಿಗಣಿಸು.

ಆಮೇಲೆ ನೀವಿಬ್ಬರೂ ಗೆಳತಿಯರಾಗಿಬಿಟ್ಟಿರಿ. ಆಂಟಿಯದು ನಿನ್ನದೇ ಊರು ಎಂದು ಗೊತ್ತಾದ ದಿನ ನೀನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಪೋಸ್ಟಾಫೀಸಿನ ಎದುರಿನ ಮರ ಇದೆಯಾ, ಲೈಬ್ರರಿಯ ಮೆಟ್ಟಿಲಲ್ಲಿ ಒಂದು ಕಲ್ಲು ಅಲ್ಲಾಡುತ್ತಿತ್ತು ಸರಿಮಾಡಿದರಾ, ಸೋಡಾ ಅಂಗಡಿಯ ಗಿಳಿ ಇನ್ನೂ ಬೈಯುತ್ತದಾ. ನಿಜ ಹೇಳುತ್ತೇನೆ, ನಾನು ಪ್ರತಿಯೊಂದನ್ನೂ ಹೋಗಿ ನೋಡಿಬಂದೇ ಉತ್ತರ ಬರೆದೆ. ಮಂಡಿನೋವಿನಲ್ಲಿ ಲೈಬ್ರರಿ ಮೆಟ್ಟಿಲು ಹತ್ತಿ, ಒಂದೊಂದು ಕಲ್ಲನ್ನೂ ಕಾಲಿಂದ ಅದುಮಿ ನೋಡಿದೆ. ಕಾವಲಿನವನು ಏನು ಕಳೆದಿದೆ ಯಜಮಾನ್ರೇ ಎಂದು ಕೇಳಿದ. ನನ್ನ ತಂಗಿ ಎನ್ನಲಾಗದೆ, ಚಿಲ್ಲರೆ ಎಂದೆ.

ಊರಿನ ಎಲ್ಲವನ್ನೂ ನೀನು ಕೇಳಿದೆ. ಮನೆಯೊಂದನ್ನು ಬಿಟ್ಟು.

ನಿನ್ನ ಅತ್ತಿಗೆ ನನ್ನನ್ನು ಗೇಲಿ ಮಾಡುವುದನ್ನು ಬಿಟ್ಟು ಬಹಳ ದಿನವಾಯಿತು. ಮೊದಮೊದಲು ನಾನು ಕಂಪ್ಯೂಟರಿನ ಮುಂದೆ ಕೂತರೆ, “ಆಂಟಿಯವರಿಗೆ ಕಾಫಿ ಕೊಡ್ಲಾ, ಟೀ ಕೊಡ್ಲಾ?” ಎನ್ನುತ್ತಿದ್ದಳು. ಈಗ ಸುಮ್ಮನೆ ಕಾಫಿ ತಂದಿಟ್ಟು ಹೋಗುತ್ತಾಳೆ. ನಾನು ಇಲ್ಲದ ಹೆಂಗಸೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಅವಳಿಗೆ ಗೊತ್ತು. ನಾನು ಹುಟ್ಟಿಸಿದವಳು, ನಾನು ಬರೆದು ಬೆಳೆಸಿದವಳು, ನನ್ನ ತಂಗಿಯ ಪತ್ರಗಳನ್ನೆಲ್ಲ ತಾನೇ ಇಟ್ಟುಕೊಳ್ಳುತ್ತಾಳೆ. ಆಕೆಗೆ ನೀನು ಜ್ವರದ ವಿಷಯ ಬರೆದೆ. ಕೆಲಸ ಬಿಟ್ಟ ವಿಷಯ, ಮತ್ತೆ ಸಿಕ್ಕ ವಿಷಯ ಬರೆದೆ. ಆ ವಾರಗಳಲ್ಲೂ ನನಗೆ ಬಂದದ್ದು ಹೆಬ್ಬೆಟ್ಟೇ. ನಡುವೆ ಒಂದು ಸಲ, “ಆಂಟಿ, ನಿಮ್ಮ ಜೋಕುಗಳು ನಮ್ಮಣ್ಣನ ಜೋಕಿನಷ್ಟೇ ಕೆಟ್ಟದಾಗಿವೆ,” ಎಂದು ಬರೆದಿದ್ದೆ.

ಅಣ್ಣನ ಮಾತು ನೀನೇ ಎತ್ತಿದ ಧೈರ್ಯದ ಮೇಲೆ ಆಂಟಿ ಕೇಳಿಯೇಬಿಟ್ಟಳು. ನಿಮಗೆ ಅಣ್ಣ ಇದ್ದಾರಾ? ಮಾತಾಡ್ತೀರಾ?

ನಿನ್ನ ಉತ್ತರ ಬರಲು ಆ ಸಲ ಐದಾರು ದಿನ ಹಿಡಿಯಿತು. ಅದರಲ್ಲಿ ನೀನು ಬರೆದದ್ದು ಇಷ್ಟು:

“ಇದಾನೆ ಆಂಟಿ. ತುಂಬ ಒಳ್ಳೆಯವನು, ಅದೇ ಕಷ್ಟ. ಅಪ್ಪ ಹೋದ ದಿನ ಇಲ್ಲಿ ಹಿಮ ಬಿದ್ದು ವಿಮಾನ ಎಲ್ಲ ನಿಂತುಹೋಗಿತ್ತು. ಫೋನ್ ಮಾಡಿ ಅಳೋಕೆ ಶುರುಮಾಡಿದೆ. ಅಣ್ಣ, ‘ಅಪ್ಪ ಜೀವಮಾನದಲ್ಲಿ ಹೇಳಿದ ದಿನಕ್ಕೆ ಅಂಗಿ ಕೊಟ್ಟವರಲ್ಲ ಕಣೇ, ಇದೊಂದು ಕೆಲಸ ಮಾತ್ರ ಬೇಗ ಮುಗಿಸಿಬಿಟ್ರು,’ ಅಂದ. ನನಗೆ ನಗು ಬಂದುಬಿಡ್ತು. ಜೋರಾಗಿ ನಕ್ಕೆ. ಫೋನ್ ಇಟ್ಟ ಮೇಲೆ ಅಳೋಣ ಅಂತ ಕೂತ್ರೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅವನ ಹತ್ತಿರ ಹೋದ್ರೆ ಮತ್ತೆ ನಗಿಸ್ತಾನೆ ಅಂತ ಭಯ.”

ಇದನ್ನು ಓದಿದಾಗ ನನ್ನ ಬಾಯಿಗೆ ಏನು ಬಂತು ಗೊತ್ತೇ? ಒಂದು ಜೋಕು. ನುಂಗಿದೆ. ಆಂಟಿ ಕೂಡ ಆ ದಿನ ಏನೂ ಬರೆಯಲಿಲ್ಲ.

ಇರಲಿ, ಅಂಗಿಯ ವಿಷಯಕ್ಕೆ ಬರುತ್ತೇನೆ, ನನಗೆ ಸುಲಭವಾದದ್ದು ಅದೇ. ನೀನು ಸರಿ ಮಾಡಿ ಕಳಿಸುತ್ತೇನೆ ಎಂದದ್ದನ್ನು ಆಂಟಿ ಬೇಡವೆಂದಳು. ಯಾಕೆಂದರೆ ಮನೆಯಲ್ಲೇ ಡ್ರಾಯಿಂಗ್ ಮೇಷ್ಟ್ರು ಇದ್ದ. ಮೇಜಿನ ಮೇಲೆ ಆ ದೊಡ್ಡ ಹಾಳೆ ಹಾಸಿ, ಟಿ-ಸ್ಕ್ವೇರ್ ಇಟ್ಟು, ಎಡ ಭುಜವನ್ನು ಬಲದ ಮಟ್ಟಕ್ಕೆ ನಾನೇ ಎತ್ತಿದೆ. ಅಪ್ಪನ ಭುಜ ಅಪ್ಪನಿಗೆ. ನನ್ನದೇನು ನಿನಗೆ ಗೊತ್ತೇ ಇದೆ, ನೂಲು ಇಳಿಬಿಟ್ಟ ಹಾಗೆ ನೆಟ್ಟಗಿನ ಮೈಕಟ್ಟು. ಬೋರ್ಡಿನ ಮುಂದೆ ಅಷ್ಟು ವರ್ಷ ನಿಂತರೂ ಬಗ್ಗಲಿಲ್ಲ. ಅಪ್ಪನ ಕಡೆಯ ಸೊಟ್ಟ ನನಗೆ ಬಂದೇ ಇಲ್ಲ, ನಾನು ಪೂರ್ತಿ ಅಮ್ಮನ ಕಡೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಮುಖ್ಯವಾಗಿ ನಾನು. ತಿದ್ದಿದ ಪ್ಯಾಟರ್ನಿನಲ್ಲಿ ಬಿಳಿ ಬಟ್ಟೆ ಕತ್ತರಿಸಿ, ಅಪ್ಪನ ಮೆಷಿನ್ನಿನ ಮೇಲೆ ಸ್ವಂತ ಕೈಯಿಂದ, ಕಾಜಾ ಸಮೇತ ಹೊಲಿದೆ. ಅಂಗಿ ಎರಕ ಹೊಯ್ದ ಹಾಗೆ ಮೈಮೇಲೆ ಕೂತಿತು. ಆಂಟಿ ನಿನಗೆ ಬರೆದಳಲ್ಲ, “ನಮ್ಮೆಜಮಾನರು ಮದುವೆ ಗಂಡಿನ ಹಾಗೆ ಕಾಣಿಸಿದರು,” ಎಂದು, ಆ ಯಜಮಾನ ಕೂಡ ನಾನೇ. ಆಂಟಿಯ ಆ ಮನೆಯಲ್ಲಿ ಇರುವವರೆಲ್ಲ ನಾನೊಬ್ಬನೇ, ಏನು ಮಾಡಲಿ.

ಆ ಜಂಬವೇ ಮುಳುವಾಯಿತು. ಹೋದ ಸೋಮವಾರ ಬಂದ ನಿನ್ನ ಮೇಲ್‌ನಲ್ಲಿ ಮುಂದಿನ ತಿಂಗಳು ಬಟ್ಟೆ ಗಿರಣಿಯವರ ಜೊತೆ ಕೆಲಸವಿದೆ, ಒಂದು ದಿನ ಊರಲ್ಲಿ ಇರುತ್ತೇನೆ, ಹೋಟೆಲಿನಲ್ಲಿ ಇಳಿಯುತ್ತೇನೆ ಎಂದು ಬರೆದಿದ್ದೀಯ. “ನಿಮ್ಮನ್ನ ನೋಡಬೇಕು ಆಂಟಿ. ಆ ಅಂಗಿ ನೋಡಬೇಕು. ಅಣ್ಣನಿಗೆ ಹೇಳಿಲ್ಲ. ನಿಮಗೆ ಅವನು ಗೊತ್ತಿಲ್ವಲ್ಲ, ಸದ್ಯ.”

ಎರಡು ವರ್ಷದಿಂದ ನಾನು ಕಾಯುತ್ತಿದ್ದ ಸುದ್ದಿ ಅದು. ನೀನು ಬರುತ್ತೀಯ. ಆದರೆ ನೋಡಲು ಬರುತ್ತಿರುವುದು ಅವಳನ್ನು.

ಮೊದಲು ಕೆಟ್ಟ ಉಪಾಯಗಳೇ ಹೊಳೆದವು. ಆಂಟಿಗೆ ಊರು ಬಿಡಿಸೋಣವೆಂದುಕೊಂಡೆ. ಮಂಡಿ ಆಪರೇಷನ್ ಎಂದು ಆಸ್ಪತ್ರೆಗೆ ಸೇರಿಸೋಣವೆಂದುಕೊಂಡೆ. ನಿನ್ನ ಅತ್ತಿಗೆಯನ್ನೇ ಒಂದು ದಿನದ ಮಟ್ಟಿಗೆ ಆಂಟಿಯಾಗು ಎಂದು ಕೇಳಿದೆ, ನೀನು ಅವಳನ್ನು ನೋಡಿಯೇ ಇಲ್ಲವೇನೋ ಎಂಬಂತೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು, “ಅವಳಿಗೆ ನೀವೇ ಬರೀರಿ. ಆಂಟಿ ಬೇಡ. ಗಂಡಸಾಗಿ ಬರೀರಿ.”

ಬರೆದಿದ್ದೇನೆ. ನೀನು ಈಗ ಸಿಟ್ಟಿನಲ್ಲಿ ಟಿಕೆಟ್ಟು ರದ್ದು ಮಾಡಬಹುದು. ನಿನ್ನ ಗುಟ್ಟುಗಳನ್ನು ಕದ್ದು ಓದಿದವನ ಮನೆಗೆ ಯಾಕೆ ಬರಬೇಕು ಎನ್ನಬಹುದು. ಹಾಗೆ ಅನ್ನಿಸಿದರೂ ಗಿರಣಿಯ ಕೆಲಸ ಬಿಡಬೇಡ, ಊರಿಗೆ ಬಾ, ಹೋಟೆಲಿನಲ್ಲೇ ಇರು. ನಾನು ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿ ಹೋಗುತ್ತೇನೆ, ಅದಕ್ಕೂ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ. ಈ ಸಲ ಯಾವ ವೇಷವೂ ಇಲ್ಲ. ಆದರೆ ಬರಬಹುದು ಅನ್ನಿಸಿದರೆ, ಪೋಸ್ಟಾಫೀಸಿನ ಮರದಿಂದ ಬಲಕ್ಕೆ ತಿರುಗಿ ನೇರ ಬಂದರೆ ಮೂಲೆಮನೆ. ಮುಂದಿನ ಕೋಣೆಯ ಕಿಟಕಿ ತೆರೆದಿರುತ್ತದೆ. ಅಪ್ಪನ ಮೇಜಿನ ಮೇಲೆ ನಿನಗೆ ಬೇಕಾದಷ್ಟು ದೊಡ್ಡ ಹಾಳೆ ಹಾಸಬಹುದು. ಮೇಜಿನ ಕೆಳಗೆ ಬೆಕ್ಕು ಇರುತ್ತದೆ, ಅದನ್ನು ಮಾತ್ರ ಎಬ್ಬಿಸಲಾಗುವುದಿಲ್ಲ.

ಚೆನ್ನಾಗಿ ತಿನ್ನು. ಚಳಿಗೆ ಕಿವಿ ಮುಚ್ಚಿಕೊ. ದೇವರು ನಿನ್ನ ಕೈಯನ್ನೂ ಕಣ್ಣನ್ನೂ ಚೆನ್ನಾಗಿ ಇಟ್ಟಿರಲಿ. ಅತ್ತಿಗೆ ಆಶೀರ್ವಾದ ತಿಳಿಸಿದ್ದಾಳೆ, ಬಾಗಿಲಿಂದ ಒಳಗೂ ಹೋಗಿದ್ದಾಳೆ.

ಇತಿ,
ನಿನ್ನ ಅಣ್ಣ
ಗುಂಡಿ

(ಅಪ್ಪ ಇಟ್ಟ ಹೆಸರು. ಅಂಗಿಯದ್ದೋ ರಸ್ತೆಯದ್ದೋ ಎಂದು ಕೇಳುತ್ತಿದ್ದೆ ನೀನು. ಈ ಪತ್ರ ಓದಿದ ಮೇಲೆ ನೀನೇ ನಿರ್ಧರಿಸು.)

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಎರಡು ಸುಳ್ಳು ಹೇಳಿದ್ದೇನೆ.

ಒಂದು, ಪ್ಲಾನ್ ಅಂಗಡಿಯಲ್ಲಿ ಆ ಭುಜ ಹೊರಬಂದಾಗ ನಾನು ಅದನ್ನು ತಪ್ಪು ಎಂದುಕೊಳ್ಳಲಿಲ್ಲ. ನೋಡಿದ ಕೂಡಲೇ ಗುರುತಿಸಿದೆ. ಆ ಪ್ರಿಂಟಿನ ಎಡ ಭುಜದ ಹತ್ತಿರ ಶಾಯಿ ಕದಡಿದೆ. ಬೆವರು ಎಂದು ಅಂಗಡಿಯವನಿಗೆ ಹೇಳಿದೆ, ಅಂಗಡಿಯಲ್ಲಿ ಎ.ಸಿ. ಓಡುತ್ತಿತ್ತು. ಆದರೂ ಭುಜ ಯಾಕೆ ಸೊಟ್ಟ ಎಂದು ಆಂಟಿಯ ಕೈಯಲ್ಲಿ ಕೇಳಿಸಿದ್ದು, ಅದು ಅಪ್ಪನದೆಂದು ನಿನ್ನ ಬಾಯಿಂದ ಕೇಳಬೇಕಿತ್ತು ಎಂದು.

ಎರಡನೆಯದು ನಾಚಿಕೆಗೇಡಿನದು. ನಾನು ತಿದ್ದಿ ಹೊಲಿದ ನೆಟ್ಟಗಿನ ಅಂಗಿ ನನಗೆ ಕೂರಲಿಲ್ಲ. ಕಾಲರು ಎಡಕ್ಕೆ ಜಾರಿತು, ಕತ್ತಿನಿಂದ ಕಂಕುಳಿಗೆ ಒಂದು ಸುಕ್ಕು ಬಿತ್ತು. ಬಟ್ಟೆ ಕೆಟ್ಟದ್ದು ಎಂದೆ, ಇಸ್ತ್ರಿ ಸರಿಯಿಲ್ಲ ಎಂದೆ. ನಿನ್ನ ಅತ್ತಿಗೆ ಮಾತಾಡದೆ ನನ್ನ ಡ್ರಾಯಿಂಗ್ ಪೆಟ್ಟಿಗೆಯಿಂದ ಮಟ್ಟ ನೋಡುವ ರಸಮಟ್ಟ ತಂದು ನನ್ನ ಭುಜಗಳ ಮೇಲೆ ಅಡ್ಡ ಇಟ್ಟಳು. ಅದರ ಗಾಜಿನೊಳಗಿನ ಗುಳ್ಳೆ ಎತ್ತರವಿದ್ದ ಬಲಕ್ಕೆ ಓಡಿತು. ನಾನು ಬಟ್ಟೆ ಗಂಟು ಹೊತ್ತವನಲ್ಲ. ಆ ಎಡ ಹೆಗಲಿನ ಮೇಲೆ ಹೊತ್ತದ್ದು ಒಂದೇ ಸಲ, ನೀನು ಬರಲಾಗದ ಆ ದಿನ, ಅಪ್ಪನನ್ನು. ನೆಟ್ಟಗಿನವನು, ಅಮ್ಮನ ಕಡೆಯವನು ಎಂದು ಜಂಬ ಕೊಚ್ಚಿದವನ ಭುಜ ಸರಿಯಾಗಿ ಒಂದು ಬೆರಳು ಇಳಿದಿದೆ.

ಮತ್ತೆ ಪ್ಲಾನ್ ಅಂಗಡಿಗೆ ಹೋದೆ. “ಸಾರ್, ಮತ್ತೆ ಸೊಟ್ಟದ್ದೇ ಬೇಕಾ?” ಎಂದ. ಸೊಟ್ಟದ್ದೇ ಎಂದೆ. ನೀನು ಬರೆದ ಹಾಗೇ, ಮಡಚದೆ, ಎಡ ಬಲ ಬೇರೆ ಬೇರೆ ಕತ್ತರಿಸಿ ಹೊಲಿದೆ. ಒಂದು ಸುಕ್ಕಿಲ್ಲ. ಅದನ್ನು ಹಾಕಿಕೊಂಡು ಮೆಷಿನ್ನಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದೆ. ನಿನ್ನ ಅತ್ತಿಗೆ ಒಳಗಿಂದ ಬಂದವಳು, “ಮಾವ, ಕಾಫಿ...” ಎಂದು ಅಲ್ಲೇ ನಿಂತುಬಿಟ್ಟಳು.

ನೀನು ಬಂದಾಗ ಜೋಕು ಮಾಡುವುದಿಲ್ಲ ಎಂದು ಮಾತು ಕೊಡಲಾರೆ ಸೂಜಿ, ಬಾಯಿ ನನ್ನ ಮಾತು ಕೇಳುವುದಿಲ್ಲ. ಆದರೆ ಅಳಬೇಕೆನಿಸಿದರೆ ನನ್ನ ಮುಖ ನೋಡಬೇಡ, ಹಿಂದಿನಿಂದ ಬಾ. ನೀನು ಕುಳ್ಳಿ, ಮೊದಲಾಗಿದ್ದರೆ ತಲೆಯಿಡಲು ನನ್ನ ಭುಜ ನಿನಗೆ ಎಟುಕುತ್ತಿರಲಿಲ್ಲ. ಎಡಗಡೆಯದು ಈಗ ಒಂದು ಬೆರಳು ಕೆಳಗಿದೆ. ಎಟುಕುತ್ತದೆ.